ಪಕ್ಕದ ಸೀಟು

ತನ್ನ ಸಹಪೈಲಟ್ ಉದ್ದಣ್ಣನನ್ನು ಕೆಲಸದಿಂದ ತೆಗೆದ ಸುದ್ದಿ ಬಂದಾಗ ಅಕ್ಕ ವಿಮಾನದೊಳಗೆ ಮಂಡಿಯೂರಿ ಕೂತು ಚರ್ಮದ ಸೀಟುಗಳ ಸಂದಿಯಿಂದ ಬಿಸ್ಕತ್ತಿನ ಪುಡಿ ಹೆಕ್ಕುತ್ತಿದ್ದಳು. ಹೆಗಲ ಮೇಲೆ ಕ್ಯಾಪ್ಟನ್ನಿನ ಚಿನ್ನದ ಪಟ್ಟಿ, ಕೈಯಲ್ಲಿ ಕಸ ಹೀರುವ ಯಂತ್ರದ ಕೊಳವೆ. ಬಾಡಿಗೆ ಜೆಟ್ಟುಗಳ ಲೋಕವೇ ಹಾಗೆ. ಹಾರಿಸುವವರೇ ಗುಡಿಸಬೇಕು, ಚೀಲ ಹೊರಬೇಕು, ಐಸು ತುಂಬಬೇಕು, ಕಕ್ಕಸು ತೊಳೆಯಬೇಕು, ಆಮೇಲೆ ಏನೂ ಆಗದವರಂತೆ ಟೈ ಸರಿಮಾಡಿಕೊಂಡು ಮೋಡದ ಮೇಲೆ ಹೋಗಬೇಕು. ಅಕ್ಕನಿಗೆ ಇದರಿಂದ ಎಂದೂ ಬೇಸರವಾಗಿರಲಿಲ್ಲ. ಮನೆಯ ಕೆಲಸ ಎಂದುಕೊಂಡೇ ಮಾಡುತ್ತ ಬಂದಿದ್ದಳು.

ಸುದ್ದಿ ತಂದವನು ಎಲ್ಲರೂ ಕನ್ನಡಕ ಎಂದು ಕರೆಯುವವನು. ಅವನೂ ಅದೇ ಕಂಪನಿಯ ಪೈಲಟ್, ಎರಡು ಮಕ್ಕಳ ತಂದೆ. ಬಾಗಿಲಲ್ಲಿ ತಲೆ ತೂರಿಸಿ ನಿಂತ. ಹೊರಗಿನ ಮಂಜಿಗೆ ಅವನ ಗಾಜುಗಳು ಬೆಳ್ಳಗಾಗಿದ್ದವು.

"ಅಕ್ಕಾ, ಉದ್ದಣ್ಣನ್ನ ತೆಗೆದುಹಾಕಿದ್ರು. ಬೆಳಿಗ್ಗೆ ಫೋನ್ ಮಾಡಿ, ಇನ್ಮೇಲೆ ಬರ್ಬೇಡ ಅಂದ್ರಂತೆ. ಇವತ್ತು ನಿಮ್ಮ ಪಕ್ಕ ಮೀಸೆ ಕ್ಯಾಪ್ಟನ್ನು ಕೂರ್ತಾರಂತೆ."

"ಯಾಕಂತೆ?" ಎಂದಳು ಅಕ್ಕ. ಯಾಕೆಂದು ಅವಳಿಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತಿರಬೇಕು!

"ನಿನ್ನೆ ಸುಸ್ತಾಗಿದೆ, ಹಾರಲ್ಲ ಅಂದ್ನಲ್ಲ, ಅದಕ್ಕೆ."

ಅಕ್ಕ ಯಂತ್ರವನ್ನು ಮತ್ತೆ ಚಾಲೂ ಮಾಡಿದಳು. ಚೊಕ್ಕಟವಾಗಿದ್ದ ಜಾಗವನ್ನೇ ಉಜ್ಜಿದಳು. ಮೈಯೆಲ್ಲ ಉರಿಯುತ್ತಿತ್ತು. ಸಿಟ್ಟು ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಬಾಯಿ ಬರುತ್ತಿರಲಿಲ್ಲ.

ಹಿಂದಿನ ದಿನ ಬೆಳಗಿನಿಂದ ಊರಿಂದೂರಿಗೆ ಹಾರಿ ಸಾಕಾಗಿತ್ತು. ಅದಕ್ಕೂ ಮುಂಚಿನ ರಾತ್ರಿ ಕಣ್ಣಿಗೆ ನಿದ್ದೆ ಹತ್ತುವಷ್ಟರಲ್ಲಿ ಫೋನು ಎಬ್ಬಿಸಿತ್ತು. ಸಂಜೆ ಇಳಿಯುವಾಗ ರನ್‌ವೇ ಕಣ್ಣೆದುರು ದೊಡ್ಡದಾಗುತ್ತಿತ್ತು, ಎಚ್ಚರಿಕೆಯ ಗಂಟೆ ಬಡಿದುಕೊಳ್ಳುತ್ತಿತ್ತು. ಅಕ್ಕ ಮಾತ್ರ ಪಕ್ಕದ ಮನೆಯ ಗಂಟೆ ಕೇಳಿದವಳ ಹಾಗೆ ಸುಮ್ಮನೆ ಕೂತಿದ್ದಳು. ಕಣ್ಣು ತೆರೆದೇ ಇತ್ತು. "ಅಕ್ಕಾ, ಚಕ್ರ! ಚಕ್ರ ಬಿಟ್ಟಿಲ್ಲ!" ಎಂದು ಉದ್ದಣ್ಣ ಕಿರುಚಿದಾಗಲೇ ಅವಳಿಗೆ ಎಚ್ಚರ. ವಿಮಾನವನ್ನು ಮತ್ತೆ ಮೇಲೆತ್ತಿ, ಒಂದು ಸುತ್ತು ಹಾಕಿ, ಚಕ್ರ ಬಿಟ್ಟು ಇಳಿದರು. ಹಿಂದೆ ಕೂತಿದ್ದ ಗಿರಾಕಿಗಳು ಹೊರಗಿನ ಸೂರ್ಯಾಸ್ತದ ಫೋಟೋ ತೆಗೆಯುತ್ತಿದ್ದರು.

ಇಳಿದು ಉಸಿರು ಬಿಡುವಷ್ಟರಲ್ಲಿ ಕಂಪನಿಯ ಯಜಮಾನರ ಫೋನು. ಇನ್ನೊಂದು ಬಾಡಿಗೆ ಬಂದಿದೆ, ತಕ್ಷಣ ಹೊರಡಿ. ಉದ್ದಣ್ಣ ಫೋನು ಕಿವಿಗಿಟ್ಟುಕೊಂಡು ಹೇಳಿದ್ದು ಇಷ್ಟೇ: "ನನಗೆ ಆಗಲ್ಲ ಸಾರ್. ನನಗೆ ತುಂಬ ಸುಸ್ತಾಗಿದೆ." ನಮಗೆ ಎನ್ನಲಿಲ್ಲ. ಅಕ್ಕನಿಗೆ ಎನ್ನಲಿಲ್ಲ. ಚಕ್ರದ ಸುದ್ದಿ ಎತ್ತಲಿಲ್ಲ. ಆಮೇಲೆ ಯಜಮಾನರು ಅಕ್ಕನನ್ನು ಫೋನಿಗೆ ಕರೆಸಿಕೊಂಡು, "ಏನು ತಂಗಿ, ನಿನಗೂ ಸುಸ್ತಾ?" ಎಂದು ಬೆಲ್ಲದ ದನಿಯಲ್ಲಿ ಕೇಳಿದರು.

"ಇಲ್ಲ ಅಣ್ಣ, ನಾನು ಚೆನ್ನಾಗಿದ್ದೀನಿ."

ಎಷ್ಟು ಸಲೀಸಾಗಿ ಬಂತು ಆ ಮಾತು! ಉದ್ದಣ್ಣ ಅಲ್ಲೇ ನಿಂತಿದ್ದ. ಎಂದಿನಂತೆ ಸೊಂಟದಿಂದ ಬಗ್ಗಿ, ವಿಮಾನದ ತಗ್ಗು ಚಾವಣಿಗೆ ತಲೆ ತಾಗದಂತೆ ಬಾಗಿಲು ದಾಟಿ ಹೋಗಿದ್ದ.

ಉದ್ದಣ್ಣನ ಸುದ್ದಿ ಬಂದ ದಿನ ಮಂಜು ಒಂದು ವಿಚಿತ್ರ ಮಾಡಿತು. ಕಂಪನಿಯ ಪೈಲಟ್ಟುಗಳು ಒಟ್ಟಿಗೆ ಸೇರಿದ್ದೇ ಇಲ್ಲ. ಇಬ್ಬಿಬ್ಬರಾಗಿ ದಿಕ್ಕುದಿಕ್ಕಿಗೆ, ಒಬ್ಬರ ಮುಖ ಇನ್ನೊಬ್ಬರಿಗೆ ಕಂಡರೆ ಯಾವುದೋ ಹೋಟೆಲಿನ ಲಿಫ್ಟಿನಲ್ಲಿ. ಈಗ ಯಾವ ವಿಮಾನವೂ ಏಳುವಂತಿಲ್ಲದೆ ಎಲ್ಲರೂ ವಿಮಾನ ನಿಲ್ಲಿಸುವ ಹ್ಯಾಂಗರಿನ ಮೂಲೆಯ ಸಣ್ಣ ಕೋಣೆಯಲ್ಲಿ ತುಂಬಿಕೊಂಡಿದ್ದರು. ಕುರ್ಚಿ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತಿದ್ದರು. ಅಕ್ಕ ಒಳಗೆ ಬಂದಾಗ ಮಾತು ಆಗಲೇ ಕಾವೇರಿತ್ತು.

"ಒಂದು ಸಂಘ ಅಂತ ಇದ್ದಿದ್ರೆ ಹಿಂಗೆ ಫೋನಲ್ಲಿ ಕಿತ್ತು ಬಿಸಾಕೋಕಾಗ್ತಿತ್ತಾ?" ಎಂದ ಕನ್ನಡಕ.

ಮೀಸೆ ಮೂಗಿನಲ್ಲೇ ನಕ್ಕರು. ಕೂದಲು ನರೆತರೂ ಮೀಸೆ ಮಾತ್ರ ಕಡುಕಪ್ಪಾಗಿದ್ದ ಹಿರಿಯ ಕ್ಯಾಪ್ಟನ್ನು. "ಸಂಘ ನಾನು ಕಂಡಿಲ್ವೇನಯ್ಯ? ದೊಡ್ಡ ಏರ್‌ಲೈನಲ್ಲಿ ಇದ್ದೋನು ನಾನು. ಚಂದಾ ಎತ್ತೋದು, ಮುಖಂಡರು ತಮ್ಮ ರಜಾ ತಾವು ಮೊದಲು ಹಾಕ್ಕೊಳ್ಳೋದು. ಅಲ್ಲಾದ್ರೆ ಸಾವಿರಾರು ಜನ, ನಡೀತು. ಇಲ್ಲಿರೋದು ಹಿಡಿಯಷ್ಟು. ಸಂಘ ಅಂದ ಮಾರನೇ ದಿನ ಯಜಮಾನರು ವಿಮಾನ ಮಾರಿ ಕೈ ತೊಳ್ಕೋತಾರೆ. ಆಮೇಲೆ ಬಾವುಟ ಹಾರಿಸ್ಕೊಂಡು ಕೂತ್ಕೋ."

"ಮಾರಲಿ. ಕೊಂಡೋನಿಗೂ ಹಾರಿಸೋರು ಬೇಕಲ್ಲ? ಆಗಲ್ಲ ಅಂದ್ರೆ ಕೆಲಸ ಹೋಗಲ್ಲ ಅನ್ನೋ ಒಂದು ಧೈರ್ಯ ಆದ್ರೂ ಇರುತ್ತೆ."

ಅಕ್ಕನಿಗೆ ತಮ್ಮ ನೆನಪಾದ. ಅವನು ಸಿಟಿ ಬಸ್ಸಿನ ಡ್ರೈವರು. ಹಿಂದೊಮ್ಮೆ ಊಟಕ್ಕೆ ಕೂತಾಗ, "ನಿಮ್ಮಲ್ಲಿ ಸಂಘ ಇಲ್ವೇನಕ್ಕ?" ಎಂದು ಕೇಳಿದ್ದ. "ಅದೆಲ್ಲ ಬಸ್ಸಿನೋರಿಗೆ ಕಣೋ, ನಮ್ಮದು ಮನೆ ಇದ್ದಹಾಗೆ," ಎಂದು ನಕ್ಕಿದ್ದಳು. ಅವನಿಗೆ ಮುಖ ಚಿಕ್ಕದಾಗಿತ್ತು. ಆದರೂ ಅನ್ನ ಕಲಸುತ್ತಲೇ ಹೇಳಿದ್ದ: "ಸಂಘ ಅಂದ್ರೆ ಬೋರ್ಡು, ಬಾವುಟ ಅಲ್ಲಕ್ಕ. ಅನ್ಯಾಯವಾಗಿ ಒಬ್ಬನ್ನ ಇಳಿಸಿದ್ರೆ ಆ ಸೀಟಲ್ಲಿ ಇನ್ನೊಬ್ಬ ಹೋಗಿ ಕೂರಲ್ಲ. ಅಷ್ಟೇ."

"ಉದ್ದಣ್ಣ ಸುಸ್ತಾಗಿದ್ನೋ, ಮೈಗಳ್ಳನೋ, ಕಂಡೋರು ಯಾರು?" ಮೀಸೆ ಪಟ್ಟು ಬಿಡಲಿಲ್ಲ. "ಯಜಮಾನರು ನನ್ನ ಹತ್ರ ಮನಸ್ಸು ಬಿಚ್ಚಿ ಮಾತಾಡಿದ್ರು. 'ನೀನು ನನ್ನ ಒಡಹುಟ್ಟಿದ ತಮ್ಮ ಇದ್ದಹಾಗೆ. ನಿನಗೆ ಮಾತ್ರ ಹೇಳ್ತಿದ್ದೀನಿ...'"

"'...ಬೇರೆಯೋರಿಗೆ ಗೊತ್ತಾಗೋದು ಬೇಡ,'" ಎಂದು ಕಿಟಕಿ ಹತ್ತಿರ ನಿಂತಿದ್ದವನೊಬ್ಬ ಪೂರ್ತಿ ಮಾಡಿದ.

ಮೀಸೆ ತಿರುಗಿ ನೋಡಿದರು. "ನಿನಗೆ ಹೇಗೆ ಗೊತ್ತು?"

"ನಾನೂ ಒಡಹುಟ್ಟಿದೋನೇ, ಸಾರ್. ಹೋದ ವರ್ಷದಿಂದ."

"ನಾನು ಮಗ ಇದ್ದಹಾಗೆ," ಎಂದ ಕನ್ನಡಕ.

"ನಾನು ತಂಗಿ," ಎಂದಳು ಅಕ್ಕ.

ಕೋಣೆಯೆಲ್ಲ ನಗುವೋ ನಗು. ಕಾಫಿ ಕುಡಿಯುತ್ತಿದ್ದವನಿಗೆ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಮೀಸೆ ಒಬ್ಬರೇ ನಗಲಿಲ್ಲ. ಅವರ ಮುಖ ಹುಳ್ಳಗಾಗಿತ್ತು. ನಗು ತಾನಾಗಿ ಇಳಿದ ಮೇಲೆ ಅವರು ಯಾರನ್ನೂ ನೋಡದೆ ಹೇಳಿದರು. "ಅಪ್ಪ ಹೋದಾಗ ಮಣ್ಣಿಗೂ ಹೋಗ್ಲಿಲ್ಲ ನಾನು. ತಮ್ಮ ಅಂದ್ರಲ್ಲ, ಅಣ್ಣನ ಕೈ ಬಿಡಬಾರದು ಅಂತ ಹಾರಿಸ್ತಿದ್ದೆ."

ಆಗ ಅಕ್ಕ ಬಾಯಿ ಬಿಟ್ಟಳು. ಮಾತು ಅವಳಿಗೇ ಗಟ್ಟಿಯಾಗಿ ಕೇಳಿಸಿತು.

"ಉದ್ದಣ್ಣ ಮೈಗಳ್ಳ ಅಲ್ಲ. ನಿನ್ನೆ ಕೂತಲ್ಲೇ ಮಂಕಾಗಿದ್ದೋಳು ನಾನು. ಚಕ್ರ ಬಿಡೋದನ್ನೇ ಮರೆತೆ. ಅವನು ಕೂಗದೇ ಇದ್ದಿದ್ರೆ ನೀವು ಇವತ್ತು ನಮ್ಮನ್ನ ಬಳಿದು ತರಬೇಕಾಗಿತ್ತು. ನನ್ನ ಮಾನ ಉಳಿಸೋಕೆ ಅವನು ತನಗೆ ಸುಸ್ತು ಅಂದ. ಯಜಮಾನರು ಕೇಳಿದಾಗ ನಾನು ಚೆನ್ನಾಗಿದ್ದೀನಿ ಅಂದುಬಿಟ್ಟೆ. ಥೂ ನನ್ನ ಬಾಯಿಗಿಷ್ಟು!"

ಮೀಸೆ ಅವಳತ್ತ ತಿರುಗಿದರು. "ಚಕ್ರವೇ?" ಎಂದರು ಮೆಲ್ಲಗೆ.

"ಚಕ್ರ."

ಕಿಟಕಿಯ ಹೊರಗೆ ವಿಮಾನಗಳ ಮೂಗು ಒಂದೊಂದಾಗಿ ಕಾಣತೊಡಗಿತು. ಮಂಜು ಏಳುತ್ತಿತ್ತು. ಅದನ್ನೇ ಕಾಯುತ್ತಿದ್ದಂತೆ ಯಜಮಾನರ ಕಾರು ಬಂದು ಅಕ್ಕನ ವಿಮಾನದ ಬಳಿ ನಿಂತಿತು. ಅವರ ಜೊತೆ ಸೂಟು ಹಾಕಿದ ಇಬ್ಬರು ಅತಿಥಿಗಳು.

ಕ್ಯಾಪ್ಟನ್ ಮೆಟ್ಟಿಲ ಬುಡದಲ್ಲಿ ನಗುಮುಖ ಹೊತ್ತು ನಿಲ್ಲಬೇಕು, ಚೀಲ ಇಸಿದುಕೊಳ್ಳಬೇಕು. ಅಕ್ಕ ಹೋಗಿ ಅಲ್ಲೇ ನಿಂತಳು. ಯಜಮಾನರು ಅತಿಥಿಗಳ ಜೊತೆ ಮಾತಾಡುತ್ತಲೇ, ತಿರುಗಿಯೂ ನೋಡದೆ, ಚೀಲ ಹಿಡಿದ ಕೈಯನ್ನು ಪಕ್ಕಕ್ಕೆ ಚಾಚಿದರು. ಇಷ್ಟು ವರ್ಷ ಆ ಚೀಲ ಹಾಗೆಯೇ ಕೈಯಿಂದ ಕೈಗೆ ಹೋಗಿತ್ತು. ಈ ಸಲ ಕೈ ಚಾಚಿಯೇ ಇತ್ತು.

"ತಂಗಿ?" ಎಂದು ತಿರುಗಿದರು.

"ಉದ್ದಣ್ಣ ಬರಲಿ ಸಾರ್, ಹೊರಡೋಣ."

"ಅದು ಮುಗಿದ ವಿಷಯ. ಮನೆ ಮಾತು ಆಮೇಲೆ ಆಡೋಣ, ಅತಿಥಿಗಳಿದ್ದಾರೆ."

"ಮನೆ ಅಂತೆ, ಮನೆ!" ಅಕ್ಕನ ದನಿ ಹ್ಯಾಂಗರಿನ ತಗಡಿಗೆ ಬಡಿದು ವಾಪಸ್ಸು ಬಂತು. "ಯಾವ ಮನೇಲಿ ಫೋನ್ ಮಾಡಿ ಮಗನ್ನ ಆಚೆ ಹಾಕ್ತಾರೆ? ನಿನ್ನೆ ಸುಸ್ತಾಗಿದ್ದೋಳು ನಾನು. ಚಕ್ರ ಇಲ್ದೆ ಇಳಿಸ್ತಿದ್ದೆ ನಿಮ್ಮ ವಿಮಾನಾನ. ತೆಗೀಬೇಕಾದ್ರೆ ನನ್ನ ತೆಗೀರಿ. ಅವನ ಸೀಟಲ್ಲಿ ಬೇರೆ ಯಾರನ್ನೂ ಕೂರಿಸ್ಕೊಂಡು ನಾನು ಹಾರಲ್ಲ."

ಯಜಮಾನರ ನಗು ಮಾಸಲಿಲ್ಲ, ಕಣ್ಣು ಮಾತ್ರ ಕಲ್ಲಾಯಿತು. "ಸರಿ. ನೀನೂ ಮನೆಗೆ ಹೋಗು," ಎಂದು ಅವಳ ತಲೆಯ ಮೇಲಿಂದ ಹಿಂದಕ್ಕೆ ನೋಡಿದರು. ಅಕ್ಕನೂ ತಿರುಗಿದಳು. ಕೋಣೆಯಲ್ಲಿದ್ದವರೆಲ್ಲ ಹೊರಗೆ ಬಂದು ನಿಂತಿದ್ದರು. ಎಲ್ಲರಿಗಿಂತ ಮುಂದೆ ಮೀಸೆ. ಅವರೊಬ್ಬರು ಹೂಂ ಎಂದರೆ ಸಾಕಿತ್ತು, ಎಲ್ಲ ಮುಗಿದಂತೆಯೇ.

"ತಮ್ಮಾ," ಯಜಮಾನರು ಕರೆದರು. "ಬಾರಪ್ಪ. ಈ ಚೀಲ ತಗೊ. ನೀನೇ ಹಾರಿಸು."

ಮೀಸೆ ಮುಂದೆ ಬಂದರು. ಯಜಮಾನರನ್ನು ನೋಡಿದರು, ಚೀಲವನ್ನು ನೋಡಿದರು.

"ಯಾವ ತಮ್ಮ, ಸಾರ್? ನಾವಿಲ್ಲಿ ತುಂಬ ಜನ ಇದ್ದೀವಿ."

ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿ ಅಕ್ಕನ ಪಕ್ಕದಲ್ಲಿ ನಿಂತರು. ಹಿಂದೆ ಯಾರೋ ನಕ್ಕರು, ತಕ್ಷಣ ನಿಲ್ಲಿಸಿದರು. ಅತಿಥಿಗಳಲ್ಲೊಬ್ಬ ಗಡಿಯಾರ ನೋಡಿಕೊಂಡ.

ಚೀಲ ಭಾರವಿತ್ತೆಂದು ಕಾಣುತ್ತದೆ. ಯಜಮಾನರ ಕೈ ಸ್ವಲ್ಪ ಸ್ವಲ್ಪವೇ ಇಳಿಯಿತು, ಕೊನೆಗೆ ಚೀಲ ಸಿಮೆಂಟಿನ ನೆಲ ಮುಟ್ಟಿತು. ಮಂಜು ಪೂರ್ತಿ ಕರಗಿ ಬಿಸಿಲು ವಿಮಾನದ ಮುಂಗಾಜಿನ ಮೇಲೆ ಬಿದ್ದಿತ್ತು. ಅದರ ಹಿಂದೆ ಎರಡು ಸೀಟುಗಳೂ ಖಾಲಿಯಾಗಿ ಕಾಣುತ್ತಿದ್ದವು. ಬಲಗಡೆಯದನ್ನು ಕಾಲು ಚಾಚಲು ಅನುಕೂಲವಾಗುವಂತೆ ಯಾರೋ ಉದ್ದನೆಯವರು ಹಿಂದಕ್ಕೆ, ತುಂಬ ಹಿಂದಕ್ಕೆ ಸರಿಸಿಟ್ಟಿದ್ದರು.