ಮೂವತ್ತಾರರಲ್ಲಿ ಒಬ್ಬ ಅಪ್ಪ

“ಇನ್ನೂ ಸ್ವಲ್ಪ ದಣೀಬೇಕು, ಅಪ್ಪಾ,” ಎಂದಿತು ಗಾಜಿನ ಆಚೆಯ ಧ್ವನಿ.

ಅವನು ದಣಿದ.

“ಹ್ಞೂಂ.”

“ಇದು ಬೇಜಾರಿನ ಹ್ಞೂಂ ಆಯ್ತು. ನಮಗೆ ಬೇಕಿರೋದು ಆಫೀಸಿಂದ ಬಂದ ಹ್ಞೂಂ.”

“ಹ್ಞೂಂ.”

“ಇದು ಊಟ ಆದಮೇಲಿನದು. ಹೊಟ್ಟೆ ಕೇಳಿಸ್ತಾ ಇದೆ.”

ಅವನು ಮೈಕಿನಿಂದ ಮುಖ ತಿರುಗಿಸಿ ಸುಮ್ಮನೆ ಉಸಿರು ಬಿಟ್ಟ. ಮೂಗಿನಲ್ಲಿ ಏನೋ ಸಿಕ್ಕಿಕೊಂಡು ಸದ್ದಾಯಿತು.

“ಹಾಂ! ಇದೇ! ಇದನ್ನ ಎತ್ತಿಟ್ಕೊಂಡೆ.”

ಗಾಜಿನ ಆಚೆ ಕೂತ ರೆಕಾರ್ಡಿಸ್ಟ್ ಅವನಿಗಿಂತ ಹತ್ತು ವರ್ಷ ದೊಡ್ಡವನು. ಆದರೂ ಆರು ವರ್ಷಗಳಿಂದ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಸ್ಟುಡಿಯೋದ ಬಾಗಿಲು ಕಾಯುವವನೂ ಹಾಗೇ ಕರೆಯುತ್ತಿದ್ದ. ಬರುಬರುತ್ತಾ ಹಾಜರಿ ಪುಸ್ತಕದಲ್ಲೂ ಹೆಸರಿನ ಜಾಗದಲ್ಲಿ ‘ಅಪ್ಪ’ ಎಂದು ಬರತೊಡಗಿತು. ಅವನೂ ಚಕಾರ ಎತ್ತದೆ ಎದುರಿಗೆ ಸಹಿ ಹಾಕುತ್ತಿದ್ದ.

‘ಏಳನೇ ಮಹಡಿ’ ಎಂಬ ಕಾರ್ಟೂನ್ ಧಾರಾವಾಹಿಯಲ್ಲಿ ಅವನು ಅಪ್ಪನ ಧ್ವನಿ. ಲಿಫ್ಟು ಕೆಟ್ಟ ಕಟ್ಟಡವೊಂದರ ಏಳನೇ ಮಹಡಿಯಲ್ಲಿ ಒಂದು ಕುಟುಂಬ: ಅಮ್ಮ, ಅಜ್ಜಿ, ಅವಳಿ ಮಕ್ಕಳು, ಮಾತಾಡುವ ನಾಯಿ, ಫ್ರಿಜ್ಜಿನೊಳಗೆ ವಾಸವಾಗಿರುವ ಭೂತ, ಜೊತೆಗೆ ಹೊತ್ತುಗೊತ್ತಿಲ್ಲದೆ ನುಗ್ಗುವ ನೆರೆಹೊರೆಯವರು. ಅಪ್ಪನೂ ಇದ್ದ. ಕಂತಿನ ಮೊದಲಲ್ಲಿ ಬ್ರೀಫ್‌ಕೇಸು ಹಿಡಿದು ಆಫೀಸಿಗೆ ಹೋಗುತ್ತಿದ್ದ. ಕೊನೆಯಲ್ಲಿ, ಬೆಂಕಿ ಆರಿ, ಕಳ್ಳ ಸಿಕ್ಕಿ, ಭೂತ ಕ್ಷಮೆ ಕೇಳಿ ಎಲ್ಲ ಮುಗಿದ ಮೇಲೆ, ಏಳು ಮಹಡಿ ಹತ್ತಿದ ಏದುಸಿರಿನಲ್ಲಿ ಬಾಗಿಲು ತಳ್ಳಿ “ಏನು ವಿಶೇಷ?” ಎನ್ನುತ್ತಿದ್ದ. ಯಾರೂ ಹೇಳುತ್ತಿರಲಿಲ್ಲ. ಅಪ್ಪ “ಹ್ಞೂಂ” ಎನ್ನುತ್ತಿದ್ದ. ನಾಡಿನ ಮಕ್ಕಳೆಲ್ಲ ನಗುತ್ತಿದ್ದರು.

ಸಾಹಿತ್ಯದಲ್ಲಿ ಎಂ.ಎ. ಮಾಡಿ, ಕಾಲೇಜಿನ ನಾಟಕದಲ್ಲಿ ರಾಜನಾಗಿ ಮೂರು ಅಂಕ ಗರ್ಜಿಸಿ ನಾಲ್ಕನೆಯದರಲ್ಲಿ ಸವಿಸ್ತಾರವಾಗಿ ಸತ್ತವನು ಅವನು. ಈಗ ವಾರಕ್ಕೊಮ್ಮೆ ಬಂದು ಹ್ಞೂಂಗುಟ್ಟಿ ಹೋಗುತ್ತಿದ್ದ. ಧಾರಾವಾಹಿಯ ತನ್ನ ಹೆಂಡತಿಯನ್ನು ಅವನು ಈವರೆಗೆ ಕಂಡವನೇ ಅಲ್ಲ. ಅವಳ ಧ್ವನಿಯನ್ನು ಮಂಗಳವಾರ ತೆಗೆದುಕೊಳ್ಳುತ್ತಿದ್ದರು, ಅವನದನ್ನು ಗುರುವಾರ. ಆರು ವರ್ಷದ ದಾಂಪತ್ಯದಲ್ಲಿ ಒಂದು ಜಗಳ ಇಲ್ಲ.

“ಮುಂದಿನ ಗುರುವಾರ ಇದೇ ಟೈಮಾ?” ಎಂದು ಕೇಳಿದ.

ರೆಕಾರ್ಡಿಸ್ಟ್ ವೈರು ಸುತ್ತುತ್ತಾ ವೈರನ್ನೇ ನೋಡಿದ. “ಫೋನ್ ಮಾಡ್ತೀವಿ ಅಪ್ಪಾ. ಸ್ಟಾಕ್ ಚೆನ್ನಾಗಿದೆ ಈಗ. ನೂರಾ ನಲವತ್ತು ಹ್ಞೂಂ, ಅರವತ್ತು ‘ಏನು ವಿಶೇಷ’. ಎರಡು ಸೀಸನ್ ಆರಾಮಾಗಿ ಬರುತ್ತೆ.”

“ಹೊಸ ಮಾತು ಬಂದ್ರೆ?”

“ಅಪ್ಪಂಗಾ?” ರೆಕಾರ್ಡಿಸ್ಟ್ ನಿಜವಾಗಿಯೂ ಯೋಚಿಸಿದ. “ಬರಲಿ ಬಿಡಿ, ಆಗ ನೋಡೋಣ.”

ಈ ಮಾತು ಅವನಿಗೆ ಚುಚ್ಚಬೇಕಿತ್ತು. ಚುಚ್ಚಲಿಲ್ಲ. ಚುಚ್ಚುವ ಜಾಗದಲ್ಲಿ ಬೆಳಗ್ಗೆಯೇ ಬೇರೊಂದು ಮಾತು ಬಂದು ಕೂತಿತ್ತು.

ಬೆಳಗ್ಗೆ ಎಂಟು ವರ್ಷದ ಮಗಳು ನೆಲದ ಮೇಲೆ ಕೂತು ಹಾಜರಿ ಕರೆಯುತ್ತಿದ್ದಳು. ಎದುರಿಗೆ ಅವಳ ಆಟಿಕೆಯ ಏಳನೇ ಮಹಡಿ: ಪ್ಲಾಸ್ಟಿಕ್ಕಿನ ಗೋಡೆ, ತೆಗೆದು ಹಾಕಬಹುದಾದ ಬಾಗಿಲು, ಕಿಟಕಿ, ಊಟದ ಮೇಜು. ಮನೆಯ ಹೊರಗೆ, ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಹದಿನೈದು ಗೊಂಬೆಗಳು ಸಾಲಾಗಿ ನಿಂತಿದ್ದವು. ಮೂರು ವಾರದಿಂದ ನಿಂತೇ ಇದ್ದವು. ಹದಿನಾರೂ ಜನ ಬಂದ ಮೇಲೇ ಬಾಗಿಲು ತೆಗೆಯುವುದು ಎಂದು ಮಗಳು ನಿಯಮ ಮಾಡಿದ್ದಳು.

“ಅಪ್ಪ?” ಎಂದು ಕರೆದು, ಕಾದು, ಪುಸ್ತಕದಲ್ಲಿ ಅಡ್ಡಗೀಟು ಹಾಕಿದಳು. “ಅಪ್ಪ ಗೈರು.”

“ಇಲ್ಲೇ ಇದೀನಲ್ಲ ಪುಟ್ಟಿ,” ಎಂದಿದ್ದ ಅವನು, ಶೂ ಹಾಕಿಕೊಳ್ಳುತ್ತಾ.

“ನೀನಲ್ಲಪ್ಪ. ನಿಜವಾದ ಅಪ್ಪ.”

“ಸಿಗ್ತಾ ಇಲ್ಲ ಮರಿ. ಏನು ಮಾಡ್ಲಿ?”

“ಇವತ್ತೇ ಲಾಸ್ಟು. ನಾಳೆಯಿಂದ ಅಂಗಡೀಲಿ ಬೇರೆ ಗೊಂಬೆ ಬರುತ್ತೆ. ಸಂಜೆಯೊಳಗೆ ಬರ್ಲಿಲ್ಲ ಅಂದ್ರೆ ನಾಯೀನೇ ಅಪ್ಪ ಮಾಡ್ತೀನಿ.”

“ನಾಯೀನಾ?”

“ಅದು ಮಾತಾಡುತ್ತೆ. ಮನೇಲೂ ಇರುತ್ತೆ.”

“ಬಾಲಾನೂ ಅಲ್ಲಾಡಿಸುತ್ತೆ,” ಎಂದಳು ಹೆಂಡತಿ ಒಳಗಿನಿಂದ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಅವಳಿಗೆ. ಬೆಳಗ್ಗೆಯ ಹೊತ್ತು ಮಾತು ಹನಿ ಲೆಕ್ಕದಲ್ಲಿ, ಸೂಜಿಯ ಮೂಲಕವೇ.

“ಹ್ಞೂಂ,” ಎಂದಿದ್ದ ಅವನು.

“ಇದು ಎಷ್ಟನೇ ಟೇಕು?”

ಅಪ್ಪ ಸಿಗದಿರುವುದಕ್ಕೆ ಕಾರಣವಿತ್ತು. ಈ ಗೊಂಬೆಗಳು ಬರುವುದು ಬೆಳ್ಳಿ ಬಣ್ಣದ ಮುಚ್ಚಿದ ಪ್ಯಾಕೆಟ್ಟಿನಲ್ಲಿ. ಒಳಗೆ ಯಾರಿದ್ದಾರೆಂದು ಒಡೆದ ಮೇಲೇ ಗೊತ್ತು. ತಯಾರಿಸುವ ಮೊದಲು ಕಂಪನಿಯವರು ಸಾವಿರ ಮಕ್ಕಳನ್ನು ಕೂರಿಸಿ ಯಾವ ಗೊಂಬೆ ಬೇಕೆಂದು ಕೇಳಿದರಂತೆ. ಅಪ್ಪನಿಗೆ ಮೂರು ಮತ ಬಿತ್ತು. ಅದರಲ್ಲೊಂದು ಕೈತಪ್ಪಿ ಬಿದ್ದದ್ದು. ಹಾಗಾಗಿ ಮೂವತ್ತಾರು ಪ್ಯಾಕೆಟ್ಟಿನ ಡಬ್ಬಕ್ಕೆ ಒಬ್ಬನೇ ಅಪ್ಪನನ್ನು ಹಾಕಿದರು. ಒಬ್ಬನೇ ಎಂದು ಸುದ್ದಿಯಾದದ್ದೇ ತಡ, ಎಲ್ಲರೂ ಅವನ ಬೆನ್ನು ಹತ್ತಿದರು. ಬೇಡವಾದ್ದರಿಂದ ಕಡಿಮೆ, ಕಡಿಮೆಯಾದ್ದರಿಂದ ಬೇಕೇ ಬೇಕು. ಈ ತರ್ಕವನ್ನು ಅವನು ಎಂ.ಎ.ಯಲ್ಲಿ ಎಲ್ಲೂ ಓದಿರಲಿಲ್ಲ. ಆದರೆ ಓದಿದ್ದೆಲ್ಲಕ್ಕಿಂತ ಹೆಚ್ಚು ಸಮಾಧಾನ ಕೊಟ್ಟ ತರ್ಕ ಇದೇ.

ಸ್ಟುಡಿಯೋದಿಂದ ಅವನು ನೇರವಾಗಿ ಹೋದಾಗ, ಗೊಂಬೆ ಅಂಗಡಿಯ ಒಡತಿ ಎತ್ತರದ ಸ್ಟೂಲಿನ ಮೇಲೆ ಕೂತು ಮೊಬೈಲು ನೋಡುತ್ತಿದ್ದಳು. ಬುಟ್ಟಿಯ ಮೇಲೆ ಬೋರ್ಡು: ‘ಮುಟ್ಟಬಹುದು. ಹಿಸುಕಬಾರದು.’ ಬುಟ್ಟಿಯ ಮುಂದೆ ಬಿಳಿ ಕೋಟಿನ ಒಬ್ಬ ಕಣ್ಣು ಮುಚ್ಚಿ, ಗಲ್ಲ ಮೇಲೆತ್ತಿ, ಪ್ಯಾಕೆಟ್ಟೊಂದನ್ನು ಎರಡು ಬೆರಳಲ್ಲಿ ಹಿಡಿದು ನಿಂತಿದ್ದ. ಪಕ್ಕದ ಕ್ಲಿನಿಕ್ಕಿನ ದಂತವೈದ್ಯ. ಊಟದ ಬಿಡುವಿನಲ್ಲಿ ಊಟ ಬಿಟ್ಟು ಇಲ್ಲಿಗೆ ಬರುತ್ತಿದ್ದ.

“ಅಜ್ಜಿ,” ಎಂದು ಪ್ಯಾಕೆಟ್ಟನ್ನು ಪಕ್ಕಕ್ಕಿಟ್ಟ. “ಕೋಲು ಸಿಗ್ತಾ ಇದೆ. ಇದು ಭೂತ, ಕಾಲೇ ಇಲ್ಲ. ಇದು ಅಜ್ಜಿ. ಇದೂ ಅಜ್ಜಿ. ಏನಮ್ಮಾ, ಈ ಡಬ್ಬದ ತುಂಬ ಅಜ್ಜಿಯರೇ!”

“ಕಂಪನಿಯವರನ್ನ ಕೇಳಿ ಡಾಕ್ಟ್ರೇ. ನಾನು ಹಡೆದಿದ್ದಲ್ಲ,” ಎಂದಳು ಒಡತಿ.

“ನಂಗೆ ಅಪ್ಪ ಬೇಕಿತ್ತು,” ಎಂದ ಅವನು. ಹೇಳಿದ ಮೇಲೆ ನಾಚಿಕೆಯಾಯಿತು.

ದಂತವೈದ್ಯ ಒಂದು ಕಣ್ಣು ಬಿಟ್ಟ. “ಎಲ್ರಿಗೂ ಬೇಕು ಸಾರ್. ನನ್ನ ಹತ್ರ ನಾಲ್ಕು ಜನ ಇದಾರೆ.”

“ನಾಲ್ಕು ಅಪ್ಪಂದಿರಾ?”

“ಒಡೆದಿಲ್ಲ. ಒಡೆದ್ರೆ ಮರ್ಯಾದೆ ಹೋಯ್ತು. ಬೀರೂಲಿ ಇದಾರೆ.”

“ಒಡೆಯದೇ ಒಳಗೆ ಅಪ್ಪನೇ ಇದಾನೆ ಅಂತ ಹೇಗೆ...”

“ಒಸಡು ಮುಟ್ಟಿ ಬೇರು ಎಲ್ಲಿದೆ ಅಂತ ಹೇಳೋ ಬೆರಳು ಇದು.” ದಂತವೈದ್ಯ ಬೆರಳನ್ನು ತೋರಿಸಿ ಧ್ವನಿ ತಗ್ಗಿಸಿದ. “ಎಲ್ರೂ ಮಾಡೋ ತಪ್ಪು ಏನು ಗೊತ್ತಾ? ಮನುಷ್ಯನ್ನ ಹುಡುಕ್ತಾರೆ. ಮನುಷ್ಯರೆಲ್ಲ ಒಂದೇ ಅಚ್ಚು ಸಾರ್, ಅದೇ ತಲೆ, ಅದೇ ಕಾಲು. ಕೈಯಲ್ಲಿ ಏನು ಹಿಡಿದಿದಾನೆ ಅಂತ ನೋಡ್ಬೇಕು. ಚೌಕ, ಒಂದು ಕಡೆ ಹಿಡಿಕೆ. ಬ್ರೀಫ್‌ಕೇಸು ಸಿಕ್ತಾ, ಅಪ್ಪ ಸಿಕ್ಕ. ಮುಗೀತು.”

ಅವನೊಳಗೆ ಯಾವುದೋ ಅಂಕದ ರಾಜ ಎದ್ದು ನಿಂತ. “ಆ ಅಪ್ಪ ನಾನೇ,” ಎಂದ.

“ಯಾವ ಅಪ್ಪ?”

“ಏಳನೇ ಮಹಡಿ ಅಪ್ಪ. ಆ ಧ್ವನಿ ನಂದು.” ನಂಬಿಕೆ ಬರಲೆಂದು ಗಂಟಲು ಸರಿಮಾಡಿಕೊಂಡು, ಏದುಸಿರನ್ನೂ ಸೇರಿಸಿ, “ಏನು ವಿಶೇಷ?” ಎಂದ.

“ವಿಶೇಷ ಏನೂ ಇಲ್ಲ ಸಾರ್,” ಎಂದಳು ಒಡತಿ ಮೊಬೈಲಿನಿಂದ ತಲೆ ಎತ್ತದೆ. “ಎಲ್ಲ ಬುಟ್ಟೀಲಿ ಇರೋದೇ.”

ದಂತವೈದ್ಯ ಸಭ್ಯನಾಗಿದ್ದ. “ಪರ್ವಾಗಿಲ್ಲ, ಚೆನ್ನಾಗೇ ಮಾಡ್ತೀರ. ನಮ್ಮಲ್ಲಿ ಒಬ್ರು ಪೇಷಂಟು, ಬಾಯಿಗೆ ಹತ್ತಿ ಇಟ್ಟಾಗ ಥೇಟ್ ಹೀಗೇ ಮಾತಾಡ್ತಾರೆ.”

ಅವನು ಬುಟ್ಟಿಗೆ ಕೈ ಹಾಕಿದ. ಕಣ್ಣು ಮುಚ್ಚಿದ. ತಲೆ, ಕಾಲು, ಕೋಲು. ತಲೆ, ಕಾಲು, ಏನೋ ಉರುಟು. ಬಹುಶಃ ಅವಳಿಗಳ ಚೆಂಡು. ಹನ್ನೊಂದು ಪ್ಯಾಕೆಟ್ಟು ಆಯಿತು, ಇಪ್ಪತ್ತಾಯಿತು. ಜೀವಮಾನದಲ್ಲಿ ಇಷ್ಟು ಶ್ರದ್ಧೆಯಿಂದ ಯಾರ ಕೈಯನ್ನೂ ಹಿಡಿದಿರಲಿಲ್ಲ ಅವನು. ಬುಟ್ಟಿಯ ತಳದಲ್ಲಿ ಒಂದು ಪ್ಯಾಕೆಟ್ಟು ಹೆಬ್ಬೆರಳನ್ನು ಕುಕ್ಕಿತು. ಚೂಪಾದ ಮೂಲೆ. ಇನ್ನೊಂದು ಮೂಲೆ. ಹಿಡಿಕೆ.

“ಡಾಕ್ಟ್ರೇ,” ಎಂದ. ಧ್ವನಿ ನಡುಗುತ್ತಿತ್ತು. ರೆಕಾರ್ಡಿಸ್ಟ್ ಕೇಳಿದ್ದರೆ ಎತ್ತಿಟ್ಟುಕೊಳ್ಳುತ್ತಿದ್ದ.

ದಂತವೈದ್ಯ ಪ್ಯಾಕೆಟ್ಟನ್ನು ತೆಗೆದುಕೊಂಡು ಮೆಲ್ಲಗೆ ಒತ್ತಿದ. ಮುಖದಲ್ಲಿ ಅಸೂಯೆ ನಿಧಾನವಾಗಿ ಹರಡಿತು. “ಅಪ್ಪ. ನೂರಕ್ಕೆ ನೂರು. ಇಷ್ಟು ಸ್ಪಷ್ಟವಾದ ಅಪ್ಪ ನನ್ನ ಕೈಗೇ ಸಿಕ್ಕಿಲ್ಲ. ಹೇಗೆ ಒತ್ತಿದ್ರೂ ಬ್ರೀಫ್‌ಕೇಸೇ ಸಿಗ್ತಾ ಇದೆ!”

“ಮಗಳಿಗೆ,” ಎಂದ ಅವನು, ಯಾರೂ ಕೇಳದಿದ್ದರೂ.

“ಒಡೀಬಾರದು ಅಂತ ಹೇಳಿ ಅವಳಿಗೆ.”

ಬಸ್ಸಿನಲ್ಲಿ ಅಂಗಿಯ ಜೇಬನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಕೂತ. ಎದೆನೋವು ಇರಬೇಕೆಂದು ಪಕ್ಕದವನೊಬ್ಬ ಸ್ವಲ್ಪ ಸರಿದು ಕೂತ. ಮುಂದಿನ ಸೀಟಿನಲ್ಲಿ ಒಂದು ಮಗು ತಾಯಿಯ ಫೋನಿನಲ್ಲಿ ‘ಏಳನೇ ಮಹಡಿ’ ನೋಡುತ್ತಿತ್ತು. ನಾಯಿ ಬೊಗಳಿತು, ಭೂತ ಸೀನಿತು, ಬಾಗಿಲು ಕಿರುಗುಟ್ಟಿತು. “ಏನು ವಿಶೇಷ?” ಎಂದಿತು ಅವನ ಧ್ವನಿ, ಅವನಿಂದ ಎರಡು ಅಡಿ ದೂರದಲ್ಲಿ.

“ಅಪ್ಪ ಬಂದ,” ಎಂದಿತು ಮಗು.

“ಮುಗೀತು ಹಾಗಾದ್ರೆ,” ಎಂದು ತಾಯಿ ಫೋನು ಆರಿಸಿ ಚೀಲಕ್ಕೆ ಹಾಕಿದಳು. ಹ್ಞೂಂ ಬರಲೇ ಇಲ್ಲ.

ಆದರೂ ಅವನಿಗೆ ಗೆಲುವಾಗಿತ್ತು. ಮನೆಯ ಬಾಗಿಲಲ್ಲಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿ ನೋಡಿಕೊಂಡ. ‘ತಗೋ, ನಿನ್ನ ಅಪ್ಪ.’ ತೀರಾ ನಾಟಕ. ‘ನೋಡು ಯಾರು ಬಂದ್ರು ಅಂತ.’ ಇದು ಅಜ್ಜಿಯ ಡೈಲಾಗು. ಕೊನೆಗೆ ಮಗಳು ಬಾಗಿಲು ತೆಗೆದಾಗ ಪ್ಯಾಕೆಟ್ಟನ್ನು ಮುಂದೆ ಹಿಡಿದ.

ಮಗಳು ಕುಣಿಯಲಿಲ್ಲ. ಕತ್ತರಿ ತಂದಳು. ಲ್ಯಾಬಿನಿಂದ ಬಂದಿದ್ದ ಹೆಂಡತಿ ಚಹಾದ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಪ್ಯಾಕೆಟ್ಟಿನ ಅಂಚು ಕತ್ತರಿಸಿ ಮಗಳು ಅದನ್ನು ನೆಲದ ಮೇಲೆ ಬೋರಲು ಹಾಕಿದಳು.

ಒಂದು ಮಡಿಸಿದ ಚೀಟಿ ಬಿತ್ತು. ಕಪ್ಪು ಪ್ಲಾಸ್ಟಿಕ್ಕಿನ ತಲೆಗೂದಲು ಬಿತ್ತು. ಒಂದು ಬ್ರೀಫ್‌ಕೇಸು. ಇನ್ನೊಂದು ಬ್ರೀಫ್‌ಕೇಸು.

ಅಷ್ಟೇ.

ಅವನು ಪ್ಯಾಕೆಟ್ಟು ಕೊಡವಿದ. ಬೆರಳು ಹಾಕಿ ಒಳಗನ್ನು ಹೊರಗೆ ಮಾಡಿದ. ಬೆಳ್ಳಿಯ ಹಿಂದೆ ಬರೀ ಬಿಳುಪು. ಮನುಷ್ಯನನ್ನು ಹಾಕುವ ಕಡೆ ಯಂತ್ರ ಎರಡನೆಯ ಸಲ ಬ್ರೀಫ್‌ಕೇಸು ಹಾಕಿ ಮುಂದೆ ಹೋಗಿತ್ತು.

“ಮೆಷಿನ್ನು ತಪ್ಪು ಮಾಡಿದೆ,” ಎಂದ. “ಇರು ಪುಟ್ಟಿ, ಈಗ್ಲೇ ಹೋಗಿ ಬದಲಾಯಿಸ್ಕೊಂಡು ಬರ್ತೀನಿ. ಅಂಗಡಿ ಇನ್ನೂ ತೆಗೆದಿರುತ್ತೆ.”

“ಬೇಡಪ್ಪ.”

“ಅರ್ಧ ಗಂಟೆ ಅಷ್ಟೇ.”

“ಪರ್ವಾಗಿಲ್ಲಪ್ಪ, ಬೇಡ.” ಮಗಳು ಒಂದು ಬ್ರೀಫ್‌ಕೇಸನ್ನು ಮನೆಯ ಬಾಗಿಲ ಪಕ್ಕ ಇಟ್ಟಳು. ಇನ್ನೊಂದನ್ನು ಊಟದ ಮೇಜಿನ ತುದಿಗೆ, ಯಜಮಾನರ ಕುರ್ಚಿಯ ಮೇಲೆ ಕೂರಿಸಿದಳು. ಕೂದಲನ್ನು ಟೋಪಿಯ ಹಾಗೆ ಗೂಟಕ್ಕೆ ಸಿಕ್ಕಿಸಿ, ಪುಸ್ತಕ ತೆಗೆದು, ಸರಿ ಎಂದು ಗುರುತು ಹಾಕಿದಳು. “ಬಂದಾಯ್ತು.”

“ಯಾರು ಬಂದಾಯ್ತು?”

“ಅಪ್ಪ.”

“ಎಲ್ಲಿ ಬಂದ? ಬರೀ ಬ್ರೀಫ್‌ಕೇಸು ಅದು!”

“ಬ್ಯಾಗು ಬಂದಿದೆ ಅಂದ್ರೆ ಅಪ್ಪ ಬಂದಿದಾನೆ ಅಂತ ತಾನೇ?” ಮಗಳು ಅವನನ್ನು ಕನಿಕರದಿಂದ ನೋಡಿದಳು.

ಹೆಂಡತಿ ಹತ್ತಿರ ಬಂದು ಬಗ್ಗಿದಳು. ಕುರ್ಚಿಯ ಮೇಲಿನ ಬ್ರೀಫ್‌ಕೇಸನ್ನು ಗಾಜಿನ ಪಟ್ಟಿಯ ಮೇಲಿನ ರಕ್ತದ ಹನಿಯನ್ನು ನೋಡುವಂತೆ ನೋಡಿದಳು.

“ಹೋಲಿಕೆ ಇದೆ,” ಎಂದಳು.

ನಾಯಿಯನ್ನು ಮೇಜಿನ ಕೆಳಗೆ ಮಲಗಿಸಿದ್ದಾಯಿತು. ನಾಯಿಗೆ ನಾಯಿಯ ಕೆಲಸವೇ ಉಳಿಯಿತು. ಲೆಕ್ಕದಲ್ಲಿ ಅವನು ಗೆದ್ದಿದ್ದ.

ಮೂರು ವಾರದ ಮೇಲೆ ಏಳನೇ ಮಹಡಿಯೊಳಗೆ ಬದುಕು ಶುರುವಾಯಿತು. ಅಜ್ಜಿ ಕೋಲು ಕುಟ್ಟಿದಳು, ಅವಳಿಗಳು ಕಿತ್ತಾಡಿದರು, ಭೂತ ಫ್ರಿಜ್ಜಿನಿಂದ ಹಾಲು ಕೇಳಿತು. ಎಲ್ಲ ಧ್ವನಿಯೂ ಮಗಳದೇ, ಒಂದರಂತೆ ಒಂದಿಲ್ಲ. ಮೇಜಿನ ತುದಿಯಲ್ಲಿ ಬ್ರೀಫ್‌ಕೇಸು ಎಲ್ಲವನ್ನೂ ಕೇಳಿಸಿಕೊಂಡು ಕೂತಿತ್ತು. ಒಮ್ಮೆಯೂ ಏನು ವಿಶೇಷ ಎನ್ನಲಿಲ್ಲ. ಎಲ್ಲರೂ ತಾವಾಗಿಯೇ ಅದಕ್ಕೆ ಎಲ್ಲವನ್ನೂ ಹೇಳುತ್ತಿದ್ದರು.

“ನಾನೂ ಆಟಕ್ಕೆ ಬರ್ಲಾ?” ಎಂದ ಅವನು.

“ಬಾ. ಬೆಲ್ ಮಾಡು.”

ಅವನು ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದ. ಅಂಚೆ ಚೀಟಿಯಷ್ಟಿದ್ದ ಕಿಟಕಿಗೆ ಕಣ್ಣು ಹಚ್ಚಿದ. ಅವನ ತಲೆಯ ನೆರಳು ಬಿದ್ದು ಒಳಗೆ ಅರ್ಧ ಮನೆ ಕತ್ತಲಾಯಿತು. “ಟ್ರಿಣ್,” ಎಂದ. ಚೆನ್ನಾಗಿ ಬಂತು, ಥೇಟ್ ಬೆಲ್ಲು.

ಟಿಕ್ ಟಿಕ್ ಟಿಕ್ ಎಂದು ಹೆಜ್ಜೆಯ ಸದ್ದು. ಬಾಗಿಲು ತೆರೆಯಿತು. ಗೆಣ್ಣುದ್ದದ ಅಮ್ಮ ಹೊಸ್ತಿಲಲ್ಲಿ ನಿಂತಿದ್ದಳು.

“ಯಾರು ಬೇಕಿತ್ತು?”

ಹೆಂಡತಿಯ ಧ್ವನಿ. ಅವನು ಬೆಚ್ಚಿ ಅಡುಗೆಮನೆಯ ಕಡೆ ತಿರುಗಿದ. ಹೆಂಡತಿ ಬಾಯ್ತುಂಬ ಚಹಾ ತುಂಬಿಕೊಂಡು, ಅಲ್ಲವೆಂದು ತಲೆಯಾಡಿಸಿದಳು.

ಮತ್ತೆ ಬಾಗಿಲ ಕಡೆ ತಿರುಗಿ, “ಮನೆಯವರು ಇದಾರಾ?” ಎಂದ.

“ಬ್ಯಾಗು ಇದೆ. ಆದ್ರೆ ಈಗ ಯಾರನ್ನೂ ನೋಡಲ್ಲ.” ಅಮ್ಮ ಹೊಸ್ತಿಲು ಬಿಟ್ಟು ಸರಿಯಲಿಲ್ಲ. “ಯಾರು ಬಂದಿದ್ರು ಅಂತ ಹೇಳ್ಲಿ?”

ಅವನು ಬಾಯಿ ತೆರೆದ. ಗಂಟಲಲ್ಲಿ ಒಂದರ ಹಿಂದೆ ಒಂದು ಧ್ವನಿ ಬಂದು, ಸರದಿಯಲ್ಲಿ ನಿಂತು, ಹಿಂದಕ್ಕೆ ಹೋಯಿತು. ಎದೆಯ ಕೆಳಗೆ ನೆಲ ತಣ್ಣಗಿತ್ತು. ಅವನು ಇನ್ನಷ್ಟು ಅಗಲವಾಗಿ ಬಾಯಿ ತೆರೆದ.

ಅಮ್ಮ ಕಾದಳು. ನಗುತ್ತಲೇ ಕಾದಳು, ಅವಳಿಗೆ ಬೇರೆ ಮುಖ ಅಚ್ಚು ಹಾಕಿರಲಿಲ್ಲ.