ಕೊಂಡಿ ಬಿಡಿಸದ ಪಿಕಪ್

ದಿನವೆಲ್ಲ ಗಾಡಿ ಓಡಿಸಿ ಸಂಜೆ ಬಿಡಾರದ ಜಾಗಕ್ಕೆ ಬಂದವರಿಗೆ ಇನ್ನೊಂದು ಕೆಲಸ ಎಂದರೆ ಜೀವ ಒಲ್ಲೆ ಎನ್ನುತ್ತದೆ. ಹೊಟ್ಟೆ ಹಸಿದಿರುತ್ತದೆ, ಸೊಂಟ ಹಿಡಿದಿರುತ್ತದೆ, ಬೆಳಗಾದರೆ ಮತ್ತೆ ಹೊರಡಬೇಕು. ಪಿಕಪ್ಪಿನ ಹಿಂದೆ ಸಿಕ್ಕಿಸಿಕೊಂಡು ಬಂದ ಟ್ರೇಲರ್ ಮನೆಯನ್ನು ಈಗ ಬಿಡಿಸಿ, ಬೆಳಿಗ್ಗೆ ಮತ್ತೆ ಸಿಕ್ಕಿಸುವ ಉಸಾಬರಿ ಯಾರಿಗೆ ಬೇಕು? ಇದ್ದಂತೆಯೇ ಇರಲಿ ಬಿಡು ಎಂದು ಮಲಗುವವರು ಬಹಳ ಮಂದಿ. ವರ್ಲಿನ್ ಟೊಲೆಫ್ಸನ್ ಕೂಡ ಅಂಥವನೇ ಆಗಿದ್ದ.

ವರ್ಲಿನ್ ಅಮೆರಿಕದ ಮಿನ್ನೆಸೋಟಾದ ಪಡುವಣ ಅಂಚಿನ ಒಂದು ಸಣ್ಣ ಊರಿನವನು. ಅಲ್ಲಿನ ಧಾನ್ಯದ ಉಗ್ರಾಣದಲ್ಲಿ ಇಡೀ ಆಯುಷ್ಯ ದುಡಿದವನು. ಹೆಂಡತಿ ಆರ್ಡಿಸ್ ಶಾಲೆಯ ಅಡುಗೆಮನೆಯಲ್ಲಿದ್ದಳು. ಇಬ್ಬರೂ ಕೆಲಸದಿಂದ ನಿವೃತ್ತರಾದ ಮೇಲೆ ಒಂದು ಹಳೆಯ ಟ್ರೇಲರ್ ಕೊಂಡರು. ಒಳಗೆ ಒಂದು ಮಂಚ, ಒಂದು ಒಲೆ, ಇಬ್ಬರು ಎದುರುಬದುರು ಕೂರುವಷ್ಟು ಮೇಜು. ಆರ್ಡಿಸ್ ಕಿಟಕಿಗಳಿಗೆ ಹಳದಿ ಪರದೆ ಹೊಲಿದಳು. ವರ್ಷವರ್ಷವೂ ಎಲೆ ಕೆಂಪಾಗುವ ಹೊತ್ತಿಗೆ ಇಬ್ಬರೂ ಉತ್ತರದ ಸರೋವರಗಳ ಕಡೆ ಹೊರಡುತ್ತಿದ್ದರು.

ಅಡುಗೆ ಅವಳದು, ಗಾಡಿ ಅವನದು. ಟ್ರೇಲರಿನ ಕೊಂಡಿಯ ಹತ್ತಿರ ಅವಳು ಸುಳಿದರೂ ವರ್ಲಿನ್ ಗದರುತ್ತಿದ್ದ. "ದೂರ ನಿಲ್ಲೇ ಮಾರಾಯ್ತಿ. ಬೆರಳು ಸಿಕ್ಕೊಂಡ್ರೆ ನನಗೆ ಪ್ಯಾನ್‌ಕೇಕ್ ಮಾಡಿಹಾಕೋರು ಯಾರು?"

ಆರ್ಡಿಸ್‌ಗೆ ಆ ಗದರಿಕೆ ಇಷ್ಟವಾಗಿತ್ತು. ಅದಕ್ಕೇ ಕಲಿಯಲು ಹೋಗಲಿಲ್ಲ.

ಆ ಅಕ್ಟೋಬರಿನಲ್ಲಿ ಅವರು ಸರೋವರದ ಬದಿಯ ಒಂದು ಬಿಡಾರಕ್ಕೆ ಬಂದಾಗ ಮಳೆ ಜಿನುಗುತ್ತಿತ್ತು. ಬಿಡಾರ ಚಳಿಗಾಲಕ್ಕೆ ಬಾಗಿಲು ಹಾಕುವ ಸಮಯ ಅದು. ಜಾಗಗಳೆಲ್ಲ ಖಾಲಿ ಬಿದ್ದಿದ್ದವು. ಟ್ರೇಲರುಗಳಿಗೆ ಕರೆಂಟು ಕೊಡುವ ಕಂಬಗಳನ್ನೂ ಆಗಲೇ ಬಂದ್ ಮಾಡಿದ್ದರು. ದೂರದ ತುದಿಯಲ್ಲಿ ಒಂದೇ ಒಂದು ವ್ಯಾನು ನಿಂತಿತ್ತು. ಅದರ ಒಡತಿ ಮೇವಿಸ್ ಎಂಬ ಹೆಂಗಸು ತನ್ನ ನಾಯಿಯನ್ನು ಅಡ್ಡಾಡಿಸುತ್ತ ಇವರ ಹತ್ತಿರ ಬಂದಳು. ನಮಸ್ಕಾರ ಆಯಿತು, ಚಳಿಯ ಮಾತು ಆಯಿತು. ಆಮೇಲೆ ಆಕೆಯ ಕಣ್ಣು ಪಿಕಪ್ಪಿನ ಹಿಂಬದಿಗೆ ಹೋಯಿತು.

"ಕೊಂಡಿ ಬಿಡಿಸಲ್ವಾ?"

"ಒಂದು ರಾತ್ರಿಗೆ ಯಾಕಮ್ಮಾ ಆ ರಗಳೆ?" ವರ್ಲಿನ್ ನಕ್ಕ. "ನೆಲ ಸಮವಾಗಿದೆ. ಕಟ್ಟಿಹಾಕಿದ ಹಸು ತರ ತೆಪ್ಪಗೆ ನಿಂತಿರುತ್ತೆ."

"ನೆಲ ಸಮವಾಗಿದೆ, ಒಪ್ಕೋತೀನಿ. ಬಿಡಿಸದಿದ್ರೆ ಹೋಗ್ಲಿ, ಪಿಕಪ್ಪಿನಿಂದ ಟ್ರೇಲರಿಗೆ ಹೋಗೋ ಆ ವೈರನ್ನಾದ್ರೂ ಕಿತ್ತಿಡಿ. ಈ ಚಳೀಲಿ ಹೀಟರ್ ಹಾಕೇ ಹಾಕ್ತೀರಿ. ಟ್ರೇಲರ್ ಬ್ಯಾಟರಿ ಸೋತ್ರೆ ಆ ವೈರಿನಿಂದ ಪಿಕಪ್ ಬ್ಯಾಟರೀನೂ ಹೀರಿಹಾಕುತ್ತೆ."

"ಎಲ್ಲಾ ಗಾಡೀಲೂ ಹಂಗಾಗಲ್ಲ."

"ಆಗಲ್ಲ, ನಿಜ. ನಿಮ್ಮದ್ರಲ್ಲಿ ಆಗುತ್ತೋ ಇಲ್ವೋ, ನೋಡಿದೀರಾ?"

ವರ್ಲಿನ್ ತಲೆ ಕೆರೆದುಕೊಂಡ. ನೋಡಿರಲಿಲ್ಲ.

"ಇಲ್ಲಿ ಫೋನೂ ಸಿಗಲ್ಲ" ಎಂದಳು ಮೇವಿಸ್. "ಯಾರಿಗಾದ್ರೂ ಹುಷಾರು ತಪ್ಪಿದ್ರೆ ಏನ್ಮಾಡ್ತೀರಿ? ಪಿಕಪ್ಪಿಗೆ ಒಂದು ಮನೇನೇ ಕಟ್ಟಿಟ್ಟಿದೀರಲ್ಲ."

"ನಮಗೇನಾಗುತ್ತೆ? ಗುಂಡುಕಲ್ಲಿನ ಹಂಗಿದೀನಿ ನೋಡಿ" ಎಂದು ಅವನು ಎದೆ ತಟ್ಟಿಕೊಂಡ.

ಮೇವಿಸ್ ನಾಯಿಯನ್ನು ಕರೆದುಕೊಂಡು ತನ್ನ ವ್ಯಾನಿನ ಕಡೆ ಹೊರಟಳು. ಆಕೆ ಹೋದ ಮೇಲೆ ಆರ್ಡಿಸ್ ಮೆಲ್ಲಗೆ ಹೇಳಿದಳು, "ವೈರಾದ್ರೂ ಕೀಳೋ. ಪಾಪ, ಅಷ್ಟು ಹೇಳಿದ್ಲು."

"ಹೇಳೋರ ಗಂಟೇನು ಹೋಗುತ್ತೆ? ಮಳೇಲಿ ನೆನೆಯೋನು ನಾನು. ಬಾ ಬಾ, ಸೂಪು ಆರಿಹೋಗುತ್ತೆ."

ಕಾಡಕ್ಕಿಯ ಸೂಪು ಕುಡಿದರು, ಇಸ್ಪೀಟು ಆಡಿದರು. ವರ್ಲಿನ್ ಗೆದ್ದು ಅವಳನ್ನು ಮನಸಾರೆ ಗೇಲಿ ಮಾಡಿದ. ಹೀಟರಿನ ಫ್ಯಾನು ಗುಂಯ್‌ಗುಡುತ್ತಿತ್ತು. ಕೊಂಡಿಯ ಮಾತು ಇಬ್ಬರಿಗೂ ಮರೆತೇಹೋಯಿತು.

ಬೆಳಕು ಹರಿಯುವ ಹೊತ್ತಿಗೆ ಆರ್ಡಿಸ್‌ಗೆ ಎಚ್ಚರವಾಯಿತು. ಟ್ರೇಲರಿನೊಳಗೆ ಕೊರೆಯುವ ಚಳಿ. ಹೀಟರ್ ನಿಂತುಹೋಗಿತ್ತು. ವರ್ಲಿನ್ ಮಂಚದ ಅಂಚಿನಲ್ಲಿ ಕೂತಿದ್ದ. ಅಂಥ ಚಳಿಯಲ್ಲೂ ಅವನ ಹಣೆ ಬೆವರಿನಿಂದ ಒದ್ದೆಯಾಗಿತ್ತು.

"ಏನಾಯ್ತೋ?"

"ಅಜೀರ್ಣ ಇರ್ಬೇಕು ಕಣೆ. ಎದೆ ಮೇಲೆ ಯಾರೋ ಕೂತಂಗಿದೆ."

ಅವನು ಎಡತೋಳನ್ನು ಬಲಗೈಯಿಂದ ಹಿಡಿದುಕೊಂಡಿದ್ದ. ಆರ್ಡಿಸ್ ದಡಕ್ಕನೆ ಎದ್ದಳು. ಫೋನ್ ತೆಗೆದು ನೋಡಿದಳು, ಸಿಗ್ನಲ್ ಇಲ್ಲ. ಅವನಿಗೆ ಕೋಟು ಹೊದಿಸಿ, ಹೆಗಲು ಕೊಟ್ಟು, ಪಿಕಪ್ಪಿನವರೆಗೆ ನಡೆಸಿಕೊಂಡು ಹೋಗಿ ಕೂರಿಸಿದಳು. ತಾನು ಈಚೆ ಬಂದು ಹತ್ತಿ ಕೀಲಿ ತಿರುಗಿಸಿದಳು.

ಟಕ್ ಎಂದಿತು. ಇನ್ನೊಮ್ಮೆ ತಿರುಗಿಸಿದಳು. ಮತ್ತೆ ಬರೀ ಟಕ್. ಎದುರಿನ ಸಣ್ಣ ದೀಪಗಳು ಮಿಣುಕಿ ಆರಿಹೋದವು.

ವರ್ಲಿನ್ ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದ. "ಆಕೆ ಹೇಳಿದ್ದು ನಿಜ ಅಲ್ವೇನೆ" ಎಂದ. ನಗಲು ನೋಡಿದ, ಆಗಲಿಲ್ಲ.

ಆರ್ಡಿಸ್ ಓಡಿದಳು. ಮನೆಯೊಳಗಿನ ಚಪ್ಪಲಿಯಲ್ಲೇ, ಒದ್ದೆ ಜಲ್ಲಿಯ ಮೇಲೆ, ಖಾಲಿ ಜಾಗಗಳನ್ನು ಒಂದೊಂದಾಗಿ ದಾಟಿ ಓಡಿದಳು. ಒಂದು ಚಪ್ಪಲಿ ಎಲ್ಲೋ ಕಳಚಿಬಿತ್ತು. ವ್ಯಾನಿನ ಬಾಗಿಲನ್ನು ಎರಡೂ ಕೈಯಿಂದ ಬಡಿದಳು. ಒಳಗೆ ನಾಯಿ ಬೊಗಳಿತು. ಮೇವಿಸ್ ಬಾಗಿಲು ತೆರೆದು ಅವಳ ಮುಖ ನೋಡಿದಳು. "ಹತ್ತಿ" ಎಂದಳು, ಅಷ್ಟೇ.

ಇಬ್ಬರೂ ಸೇರಿ ವರ್ಲಿನ್‌ನನ್ನು ಪಿಕಪ್ಪಿನಿಂದ ಇಳಿಸಿ ವ್ಯಾನಿಗೆ ಹತ್ತಿಸಿದರು. ಗುಂಡುಕಲ್ಲಿನಂಥ ಆಳು. ಎತ್ತುವುದು ಸುಲಭವಿರಲಿಲ್ಲ. ಕಾಡಿನ ನಡುವಿನ ಆ ದಾರಿ ಮುಗಿಯುವಂತೆಯೇ ಕಾಣಲಿಲ್ಲ. ಆರ್ಡಿಸ್ ಹಿಂದೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ದಿಬ್ಬ ಹತ್ತಿದ ಮೇಲೆ ಸಿಗ್ನಲ್ ಬಂತು, ತುರ್ತು ಸಹಾಯಕ್ಕೆ ಫೋನ್ ಮಾಡಿದಳು. ಆಂಬುಲೆನ್ಸ್ ಹೆದ್ದಾರಿಯ ತಿರುವಿನಲ್ಲಿ ಎದುರಾಗುತ್ತದೆ ಎಂದರು. ಅದು ಎದುರಾಗುವ ಮುಂಚೆಯೇ ಅವಳ ಕೈಯೊಳಗಿದ್ದ ಅವನ ಕೈಯ ಬಿಗಿ ಸಡಿಲವಾಯಿತು. ಆಂಬುಲೆನ್ಸಿನವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಆಸ್ಪತ್ರೆಯಲ್ಲೂ ಮಾಡಿದರು. ಆ ಕೈ ಮತ್ತೆ ಬಿಗಿಯಾಗಲಿಲ್ಲ.

ಡಾಕ್ಟರು ಹೊರಗೆ ಬಂದು ಅವಳ ಪಕ್ಕದಲ್ಲೇ ಕೂತರು. ಆರ್ಡಿಸ್ ಒಂದೇ ಮಾತು ಕೇಳಿದಳು. "ಸ್ವಲ್ಪ ಮುಂಚೆ ಕರ್ಕೊಂಡು ಬಂದಿದ್ರೆ?"

"ಹೇಳೋಕಾಗಲ್ಲ ಅಮ್ಮಾ" ಎಂದರು ಡಾಕ್ಟರು. "ಉಳೀತಿದ್ರು ಅಂತ ನಾನು ಹೇಳಲಾರೆ. ಉಳೀತಿರಲಿಲ್ಲ ಅಂತಾನೂ ಹೇಳಲಾರೆ."

ಆಸ್ಪತ್ರೆಯ ಪಡಸಾಲೆಯ ಗೋಡೆಗೆ ಒರಗಿ ನಿಂತಿದ್ದ ಮೇವಿಸ್‌ಳ ಕಣ್ಣು ತುಂಬಿತ್ತು. "ನಾನೇ ಆ ವೈರ್ ಕಿತ್ತುಹಾಕಿ ಹೋಗಬೇಕಿತ್ತು" ಎಂದಳು.

"ಪರರ ಗಾಡಿಗೆ ಯಾರಾದ್ರೂ ಕೈ ಹಾಕ್ತಾರಾ?" ಎಂದಳು ಆರ್ಡಿಸ್. ಅವಳ ಬರಿಗಾಲಿನ ಗಾಯದಿಂದ ಇನ್ನೂ ನೆತ್ತರು ಜಿನುಗುತ್ತಿತ್ತು. ಅದು ಅವಳಿಗೆ ತಿಳಿದೇ ಇರಲಿಲ್ಲ.

ಮಣ್ಣು ಮಾಡಿದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಊಟ ಎಲ್ಲ ಆಯಿತು. "ಅವನ ಆಯಸ್ಸೇ ಅಷ್ಟು" ಎಂದು ಬಂದವರೆಲ್ಲ ಸಮಾಧಾನ ಹೇಳಿದರು. ಆರ್ಡಿಸ್ ತಲೆಯಾಡಿಸಿದಳು. ಆದರೆ ಡಾಕ್ಟರ ಮಾತು ಅವಳನ್ನು ಬಿಡಲಿಲ್ಲ. ಇಲ್ಲ ಎಂದಿದ್ದರೆ ಅತ್ತು ಹಗುರಾಗುತ್ತಿದ್ದಳು. ಹೌದು ಎಂದಿದ್ದರೆ ಗಂಡನ ಮೇಲೆ ಸಿಟ್ಟಾದರೂ ಮಾಡಿಕೊಳ್ಳುತ್ತಿದ್ದಳು. ಎರಡೂ ಅಲ್ಲದ ಆ ಮಾತನ್ನು ಇಟ್ಟುಕೊಂಡು ಚಳಿಗಾಲವೆಲ್ಲ ಕಿಟಕಿಯ ಬಳಿ ಕೂತಳು. ಹೊರಗೆ ಅಂಗಳದಲ್ಲಿ, ಊರವರು ತಂದು ಪಿಕಪ್ಪಿಗೆ ಸಿಕ್ಕಿಸಿದಂತೆಯೇ ನಿಲ್ಲಿಸಿದ್ದ ಟ್ರೇಲರಿನ ಮೇಲೆ ಹಿಮ ಬೀಳುತ್ತಲೇ ಇತ್ತು.

ಹಿಮ ಕರಗಿದ ಮೇಲೆ ಅವಳೇ ಮೇವಿಸ್‌ಗೆ ಫೋನ್ ಮಾಡಿದಳು. "ನನಗೆ ಆ ಕೊಂಡಿ ಬಿಡಿಸೋದು ಕಲಿಸ್ತೀಯಾ?"

ಮೇವಿಸ್ ಅಷ್ಟು ದೂರದಿಂದ ವ್ಯಾನು ಓಡಿಸಿಕೊಂಡು ಬಂದಳು. ಅಂಗಳದಲ್ಲಿ ಇಬ್ಬರೂ ಮಂಡಿಯೂರಿದರು. "ಮೊದ್ಲು ಗಾಲಿಗೆ ಅಡ್ಡ ಕೊಡು. ಇದನ್ನ ಮರೆತ್ರೆ ಟ್ರೇಲರ್ ಉರುಳ್ಕೊಂಡು ಹೋಗುತ್ತೆ" ಎಂದಳು ಮೇವಿಸ್. "ಈಗ ಮುಂದಿನ ಜಾಕ್ ಇಳಿಸು, ಭಾರ ಅದರ ಮೇಲೆ ಬರಲಿ. ಹಾಂ. ಇನ್ನು ಕೊಂಡಿಯ ಚಿಲಕ ತೆಗೆ. ಜಾಕ್ ಇನ್ನಷ್ಟು ತಿರುಗಿಸಿ ಟ್ರೇಲರಿನ ಮೂತಿ ಮೇಲೆತ್ತು, ಪಿಕಪ್ಪಿನ ಗುಂಡಿನಿಂದ ತಾನೇ ಬಿಟ್ಕೊಳ್ಳುತ್ತೆ. ಸರಪಳಿ ಬಿಚ್ಚು, ವೈರ್ ಕೀಳು. ಮುಗೀತು, ಗಾಡಿ ಮುಂದಕ್ಕೆ ತಗೋ."

ಪಿಕಪ್ ಮುಂದೆ ಸರಿಯಿತು. ಟ್ರೇಲರ್ ನಿಂತಲ್ಲೇ ನಿಂತಿತ್ತು. ಒಲೆಯ ಮೇಲಿಟ್ಟು ಬಂದಿದ್ದ ಕಾಫಿ ಇನ್ನೂ ಕುದಿ ಬಂದಿರಲಿಲ್ಲ.

"ಇಷ್ಟೇನಾ?" ಎಂದಳು ಆರ್ಡಿಸ್.

"ಇಷ್ಟೇ."

ಆರ್ಡಿಸ್ ಟ್ರೇಲರಿನ ಮೂತಿಯ ಮೇಲೆ ಕುಸಿದು ಕೂತಳು. ಚರ್ಚಿನಲ್ಲಿ ಬಾರದ ಅಳು ಅಲ್ಲಿ ಬಂತು. ಮೇವಿಸ್ ಪಕ್ಕದಲ್ಲೇ ನೆಲದ ಮೇಲೆ ಕೂತು, ಅಳು ಮುಗಿಯುವವರೆಗೂ ಕಾದಳು.

ಆ ಬೇಸಿಗೆಯಲ್ಲಿ ಆರ್ಡಿಸ್‌ಳ ಮಗಳು ಸಿಗ್ನೆ, ಅಳಿಯ ಬ್ರೆಟ್ ಅವಳನ್ನು ಬಲವಂತ ಮಾಡಿ ಪ್ರವಾಸಕ್ಕೆ ಹೊರಡಿಸಿದರು. ಅದೇ ಟ್ರೇಲರ್, ಎಳೆಯಲು ಬ್ರೆಟ್‌ನ ಪಿಕಪ್. ಸಿಗ್ನೆ ಬಸುರಿ. ಸಂಜೆ ಒಂದು ಬಿಡಾರದಲ್ಲಿ ಗಾಡಿ ನಿಲ್ಲಿಸಿ ಬ್ರೆಟ್ ಮೈಮುರಿದು ಕುರ್ಚಿ ಬಿಡಿಸಿಕೊಂಡ.

"ಕೊಂಡಿ ಬಿಡಿಸಲ್ವೇನಪ್ಪಾ?" ಆರ್ಡಿಸ್ ಕೇಳಿದಳು.

"ಬೇಡ ಅತ್ತೆ. ನನ್ನ ಗಾಡಿ ಹೊಸದು, ನಿಲ್ಲಿಸಿದ ಕೂಡ್ಲೇ ವೈರಿಗೆ ಕರೆಂಟ್ ಹೋಗೋದು ತಾನಾಗೇ ಕಟ್ಟಾಗುತ್ತೆ. ಬ್ಯಾಟರಿ ಇಳಿಯೋ ಮಾತೇ ಇಲ್ಲ."

"ಒಳ್ಳೇದು. ಸಿಗ್ನೆಗೆ ನೋವು ಬಂದ್ರೆ? ಈ ಮನೇನೂ ಎಳ್ಕೊಂಡು ಆಸ್ಪತ್ರೆಗೆ ಹೋಗ್ತೀಯಾ?"

"ಅಯ್ಯೋ, ಅದಕ್ಕಿನ್ನೂ ಎರಡು ತಿಂಗಳಿದೆ ಬಿಡಿ!"

"ನಿಮ್ಮ ಮಾವನಿಗೂ ಇನ್ನೂ ಬೇಕಾದಷ್ಟು ದಿನ ಇದೆ ಅಂತಾನೇ ಅಂದ್ಕೊಂಡಿದ್ವಿ ಕಣಪ್ಪಾ."

ಸಿಗ್ನೆ ತಾಯಿಯ ಕೈ ಹಿಡಿದುಕೊಂಡಳು. ಅಪ್ಪ ಸತ್ತ ಬೆಳಗಿನ ಬಗ್ಗೆ ಅಮ್ಮ ಅದುವರೆಗೆ ತುಟಿ ಬಿಚ್ಚಿರಲಿಲ್ಲ. ಅಂದು ಎಲ್ಲವನ್ನೂ ಹೇಳಿದಳು. ಕೀಲಿ ತಿರುಗಿಸಿದಾಗ ಬಂದ ಆ ಸದ್ದನ್ನೂ ಹೇಳಿದಳು. "ಗಾಡಿ ಸ್ಟಾರ್ಟ್ ಆಗಿದ್ರೂ ನನ್ನ ಕೈಲಿ ಏನಾಗ್ತಿತ್ತು ಹೇಳು. ಬಿಡಿಸೋದು ಗೊತ್ತಿರಲಿಲ್ಲ. ಟ್ರೇಲರ್ ಸಮೇತ ಓಡಿಸಿದೋಳೂ ಅಲ್ಲ" ಎಂದಳು.

ಬ್ರೆಟ್ ಕುರ್ಚಿಯಿಂದ ಎದ್ದ. "ಬನ್ನಿ ಅತ್ತೆ, ಬಿಡಿಸಿಬಿಡೋಣ."

"ನೀನು ಕೂತ್ಕೋ, ನಿನಗೆ ಗೊತ್ತಿದೆ. ಸಿಗ್ನೆ, ನೀನು ಬಾ ಇಲ್ಲಿ. ಬಗ್ಗಬೇಡ, ನೋಡ್ಕೊಂಡು ಬಾಯಲ್ಲಿ ಹೇಳು. ನಾನು ಮಾಡ್ತೀನಿ."

ಸಿಗ್ನೆ ಹೇಳುತ್ತ ಹೋದಳು, ತಪ್ಪಿದಾಗ ಆರ್ಡಿಸ್ ತಿದ್ದಿದಳು. ಪಿಕಪ್ ಬಿಡಿಯಾಗಿ, ರಸ್ತೆಗೆ ಮುಖ ಮಾಡಿ ನಿಂತಿತು.

ಆ ರಾತ್ರಿ ಯಾರಿಗೂ ಏನೂ ಆಗಲಿಲ್ಲ. ಮರುದಿನವೂ ಆಗಲಿಲ್ಲ. ಆದರೆ ಇಡೀ ಪ್ರವಾಸದಲ್ಲಿ ಪ್ರತಿ ಸಂಜೆಯೂ ಬ್ರೆಟ್ ಹೇಳಿಸಿಕೊಳ್ಳದೆ ಕೊಂಡಿ ಬಿಡಿಸಿದ. ಆರ್ಡಿಸ್ ಹಳದಿ ಪರದೆ ಸರಿಸಿ, ಒಂಟಿಯಾಗಿ ನಿಂತ ಪಿಕಪ್ಪನ್ನು ನೋಡುತ್ತ ಕೂರುತ್ತಿದ್ದಳು. ನೆಮ್ಮದಿಯೂ ಆಗುತ್ತಿತ್ತು, ವರ್ಲಿನ್‌ನ ನೆನಪೂ ಆಗುತ್ತಿತ್ತು.

ಟ್ರೇಲರ್ ಎಳೆದುಕೊಂಡು ಊರೂರು ತಿರುಗುವ ಅಣ್ಣಂದಿರೇ, ಅಕ್ಕಂದಿರೇ, ದಣಿವು ಎಲ್ಲರಿಗೂ ಇದ್ದದ್ದೇ. ಆದರೂ ತಂಗಿದ ಕಡೆ ಕೊಂಡಿ ಬಿಡಿಸಿ. ಗಾಲಿಗೆ ಅಡ್ಡ ಕೊಟ್ಟೇ ಬಿಡಿಸಿ. ಏನೇ ಮಾಡಿದರೂ ಬಿಡಿಸಲು ಆಗದ ಜಾಗವಾದರೆ ಗಾಲಿಗೆ ಅಡ್ಡ ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ವೈರನ್ನಂತೂ ಮರೆಯದೆ ಕಿತ್ತಿಡಿ. ಫೋನಿಗೆ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಬರುವ ದಾರಿಯಲ್ಲೇ ನೋಡಿಕೊಳ್ಳಿ. ನಿಮಗೊಬ್ಬರಿಗೇ ಈ ಕೆಲಸ ಗೊತ್ತಿದ್ದರೆ ಸಾಲದು. ಅಪಾಯ ನಿಮಗೇ ಬಂದರೆ ಗಾಡಿ ಓಡಿಸಬೇಕಾದವರು ನಿಮ್ಮ ಜೊತೆಗಿರುವವರು. ಇವತ್ತೇ ಅವರನ್ನು ಕೊಂಡಿಯ ಹತ್ತಿರ ಕರೆಯಿರಿ, ಅವರ ಕೈಯಿಂದಲೇ ಬಿಡಿಸಿ ನೋಡಿ.