ನಲವತ್ತನೆಯ ತೊಡೆ

"ಎಕ್ಸ್‌ರೇ ಬಂಗಾರದ ಹಾಗಿದೆ, ಇನ್ನೇನು ಬೇಕು ನಿಮಗೆ?" ಎಂದರು ಡಾಕ್ಟರಮ್ಮ, ಫಿಲ್ಮನ್ನು ಬೆಳಕಿಗೆ ಹಿಡಿದು. ಆರು ತಿಂಗಳ ಹಿಂದೆ ಅವರೇ ಆಪರೇಷನ್ ಮಾಡಿದ ತೊಡೆ ಅದು.

"ಫಿಲ್ಮಲ್ಲಿ ಚೆನ್ನಾಗೇ ಇದೆ ಮೇಡಂ," ಎಂದ ದರ್ಜಿ. "ಪಾದ ಮಾತ್ರ ಪೆಡಲ್ ಮೇಲೆ ನಿಲ್ಲಲ್ಲ. ಜಾರ್ಕೊಂಡು ಹೊರಗೆ ಹೋಗುತ್ತೆ."

"ಗಿರಾಕಿ ಬಂದ್ರಾ ಅಂತ ಯಾವಾಗ್ಲೂ ಬಾಗಿಲ ಕಡೆಗೇ ತಿರುಗಿರುತ್ತೆ," ಎಂದು ಅವನ ಹೆಂಡತಿ ನಕ್ಕಳು. ನಕ್ಕ ಮೇಲೆ ಕಣ್ಣೊರೆಸಿಕೊಂಡಳು. ಅಂಗಡಿಯ ಮಷಿನ್ನು ಅಷ್ಟು ದಿನದಿಂದಲೂ ಮುಸುಕು ಹೊದ್ದು ಕೂತಿತ್ತು.

ದರ್ಜಿ ಡಾಕ್ಟರಮ್ಮನ ಅಧ್ಯಯನದ ಪಟ್ಟಿಯಲ್ಲಿ ನಲವತ್ತನೆಯವನು, ಕೊನೆಯವನು. ತೊಡೆಯ ಮೂಳೆ ಮುರಿದವರಿಗೆ ಉದ್ದಕ್ಕೂ ಕೊಯ್ಯದೆ, ಮೇಲೊಂದು ಕೆಳಗೊಂದು ಸಣ್ಣ ಗಾಯ ಮಾಡಿ, ಒಳಗಿಂದೊಳಗೇ ಪ್ಲೇಟು ತೂರಿಸಿ ಸ್ಕ್ರೂ ಬಿಗಿಯುವುದು ಅವರ ಕಸುಬು. ಇಪ್ಪತ್ತು ಜನಕ್ಕೆ ಹಳೆಯ ಮಾದರಿಯ ಪ್ಲೇಟು, ಇಪ್ಪತ್ತು ಜನಕ್ಕೆ ಸ್ಕ್ರೂವಿನ ತಲೆ ಪ್ಲೇಟಿಗೇ ಕಚ್ಚಿ ಕೂರುವ ಹೊಸದು. ಯಾವುದು ಮೇಲು? ಎರಡು ವರ್ಷ ಅದೇ ಧ್ಯಾನ. ಹೊಸದು ಗೆಲ್ಲುತ್ತಿತ್ತು, ಸೋಮವಾರ ಡಾಕ್ಟರುಗಳ ದೊಡ್ಡ ಸಭೆಯಲ್ಲಿ ಹಾಗೆಂದು ಹೇಳುವುದಿತ್ತು. ದರ್ಜಿಗೆ ಹಾಕಿದ್ದೂ ಹೊಸದೇ.

"ಮಲಗಿ, ನೋಡೋಣ."

ಎಡ ಮಂಡಿಚಿಪ್ಪು ಚಾವಣಿ ನೋಡುತ್ತಿತ್ತು. ಆಪರೇಷನ್ ಆದ ಬಲದ್ದು ಗೋಡೆ ನೋಡುತ್ತಿತ್ತು. ಮುರಿದ ಜಾಗವನ್ನು ತೆರೆದು ನೋಡದ ಕೆಲಸವಿದು. ಮೂಳೆ ನೆಟ್ಟಗಿದೆಯೋ ಇಲ್ಲವೋ ಎಕ್ಸ್‌ರೇ ಹೇಳುತ್ತದೆ. ತಿರುಚಿಕೊಂಡಿದೆಯೋ ಎಂಬುದನ್ನು ಇನ್ನೊಂದು ಕಾಲಿನ ಪಕ್ಕ ಇಟ್ಟೇ ನೋಡಬೇಕು. ಅವತ್ತು ಆ ಇನ್ನೊಂದು ಕಾಲು ಹಸಿರು ಬಟ್ಟೆಯಡಿ ಮುಚ್ಚಿತ್ತು, ಡಾಕ್ಟರಮ್ಮ ತೆಗೆಸಿ ನೋಡಿರಲಿಲ್ಲ. ಪಟ್ಟಿಯಲ್ಲೂ ಅಷ್ಟೇ. ಮೂಳೆ ಕೂಡಿತೇ, ನೋವಿದೆಯೇ, ಕಾಲು ಗಿಡ್ಡವಾಯಿತೇ ಎಂದು ಕೇಳಿತ್ತೇ ಹೊರತು ತಿರುಚಿದ್ದಕ್ಕೆ ಜಾಗವೇ ಇರಲಿಲ್ಲ. ಛೆ, ಎಂಥ ಕೆಲಸವಾಯಿತು!

ಹೇಳದಿದ್ದರೂ ನಡೆಯುತ್ತಿತ್ತು. ಅಭ್ಯಾಸ ಆಗುತ್ತೆ ಹೋಗ್ಬನ್ನಿ ಎಂದರೆ ನಂಬಿಕೊಂಡು ಹೋಗುವ ಜನ. ದರ್ಜಿಯ ಹೆಸರಿನ ಮುಂದೆ 'ಉತ್ತಮ' ಎಂದು ಗೀಚಿದರೆ ಪಟ್ಟಿಯೂ ಮುಗಿಯುತ್ತಿತ್ತು. 'ಅಭ್ಯಾಸ ಆಗುತ್ತೆ' ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು.

"ಪ್ಲೇಟಿಂದೇನೂ ತಪ್ಪಿಲ್ಲ," ಎಂದರು. "ನಾನು ಕೂರಿಸಿದ್ದೇ ಸೊಟ್ಟ. ಮೂಳೆ ಕತ್ತರಿಸಿ, ತಿರುಗಿಸಿ ಮತ್ತೆ ಕೂರಿಸ್ಬೇಕು."

ದರ್ಜಿ ಎದ್ದು ಕೂತು ತನ್ನ ಪಾದವನ್ನೇ ನೋಡಿದ.

"ಬಿಚ್ಚಿ ಹೊಲಿಯೋದು ಅನ್ನಿ," ಎಂದ. "ನಾನೂ ಎಷ್ಟೋ ಬಿಚ್ಚಿದೀನಿ. ಆದ್ರೆ ತಪ್ಪು ನಂದು ಅಂತ ಒಬ್ಬ ಗಿರಾಕಿಗೂ ಹೇಳಿಲ್ಲ, ಎಲ್ಲಾ ಬಟ್ಟೆ ಮೇಲೇ ಹಾಕ್ತಿದ್ದೆ." ಆಮೇಲೆ ಕೇಳಿದ, "ಈ ಸಲ ಯಾವ ಪ್ಲೇಟು ಹಾಕ್ತೀರಿ?"

"ಯಾವುದಾದ್ರೂ ಆಗುತ್ತೆ. ಎರಡೂ ಕಾಲು ನೋಡ್ಕೊಂಡು ಹಾಕ್ತೀನಿ."

ಅವರು ಹೋದ ಮೇಲೆ ಡಾಕ್ಟರಮ್ಮ ಪಟ್ಟಿಯನ್ನು ಮುಂದಿಟ್ಟುಕೊಂಡು ಮೊದಲನೆಯ ನಂಬರಿಗೆ ಫೋನು ಮಾಡಿದರು. ಎತ್ತಿದ್ದು ಒಬ್ಬ ಅಜ್ಜಿ.

"ಅಜ್ಜಿ, ನಡೆಯೋವಾಗ ನಿಮ್ಮ ಪಾದ ಯಾವ ಕಡೆ ತಿರುಗಿರುತ್ತೆ?"

"ಇದೇನಮ್ಮ ಪ್ರಶ್ನೆ! ತಾಳು, ಎದ್ದು ನೋಡ್ತೀನಿ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಡಾಕ್ಟರಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು ಕಾದರು.